ಕಳ್ಳಿಯ ಉಳಿವು, ಕವಳಿಗೋಳಿಯ ಅಳಿವು

ಗದಗಿನ ಮಗ್ಗುಲಲ್ಲಿರುವ ಮಲ್ಲಸಮುದ್ರದ ಹೆಸರನ್ನು ಮೊದಲ ಸಲ ಕೇಳಿದ ಪರಸ್ಥಳದವನು ‘ಸಮುದ್ರವೆಲ್ಲಿದೆ?’ ಎಂದು ಪ್ರಶ್ನಿಸಿದರೆ ನಗುವಂತಿಲ್ಲ. ನಿಜವಾದ ಸಮುದ್ರವು ಘಟ್ಟದ ಆಚೆಗಿದೆ. ಆದರೆ ಕನ್ನಡ ನಾಡಿನ ಹಿರಿಯರು ಕೆರೆಯನ್ನೇ ಸಮುದ್ರವೆಂದು ಕರೆದರು. ಊರ ಹೆಸರುಗಳ ಕೊನೆಯಲ್ಲಿ ಬರುವ ಈ ಪದವು ಬಹುತೇಕ ಕೆರೆಯನ್ನೇ ಸೂಚಿಸುತ್ತದೆಂಬುದನ್ನು ಶಾಸನಗಳ ಪರಿಚಯವುಳ್ಳವರೆಲ್ಲರೂ ಬಲ್ಲರು. ನೀರು ವಿರಳವಾದ ನಾಡಿನಲ್ಲಿ ನೀರಿಗೆ ದೊಡ್ಡ ಹೆಸರು ಸಲ್ಲುವುದು ಸಹಜವೇ.

ಪಕ್ಷಿಶಾಸ್ತ್ರದಲ್ಲಿಯೂ ಇಂತಹದೇ ಒಂದು ನಾಮವೈಚಿತ್ರ್ಯವುಂಟು. ನೀರಿನ ಅಂಚಿನಲ್ಲಿ ಓಡಾಡಿ ಹುಳುಹುಪ್ಪಟೆಗಳನ್ನು ಹೆಕ್ಕಿ ಬದುಕುವ ಹಕ್ಕಿಗಳ ಒಂದು ದೊಡ್ಡ ಕುಲಕ್ಕೆ ತೀರಪಕ್ಷಿಗಳೆಂದು ಹೆಸರು. ಆ ಕುಲದಲ್ಲಿ ಹುಟ್ಟಿಯೂ ತೀರವನ್ನು ತೊರೆದು, ನೀರಿಲ್ಲದ ಕುರುಚಲು ಕಾಡನ್ನು ಮನೆಮಾಡಿಕೊಂಡ ಹಕ್ಕಿಯೊಂದು ದಕ್ಷಿಣ ಭಾರತದ ಬಯಲುಸೀಮೆಯಲ್ಲಿದೆ. ಇಂಗ್ಲಿಷಿನಲ್ಲಿ ಅದನ್ನು ಜರ್ಡನ್ಸ್ ಕೋರ್ಸರ್ ಎನ್ನುತ್ತಾರೆ. ಜಗತ್ತಿನಲ್ಲಿ ಅಳಿವಿನ ಕಟ್ಟಕಡೆಯ ಮೆಟ್ಟಿಲ ಮೇಲೆ ನಿಂತಿರುವ ಪಕ್ಷಿಗಳಲ್ಲಿ ಅದೂ ಒಂದು. ಅಂತಹದೇ ಒಣನೆಲದಲ್ಲಿ, ಹೊಲದ ಬದುವಿನಲ್ಲಿ, ಹಾಳುಗೋಡೆಯ ಮೇಲೆ, ಊರ ಹೊರಗಿನ ಕಲ್ಲುರಾಶಿಯ ಸಂದಿಯಲ್ಲಿ ಯಾರೂ ನೆಡದೆ ಯಾರೂ ನೀರೆರೆಯದೆ ನಿಂತಿರುವುದು ಪಾಪಾಸುಕಳ್ಳಿ. ಒಂದು ಎಲ್ಲೆಲ್ಲಿಯೂ ಕಾಣುವುದು. ಇನ್ನೊಂದು ಎಲ್ಲಿಯೂ ಕಾಣದಂತಾಗಿರುವುದು. ಇವೆರಡನ್ನು ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡಿದರೆ, ವಿದ್ಯಾಸಂಸ್ಥೆಗಳೂ ಅವುಗಳ ದಾನಿಗಳೂ ತಮ್ಮ ಅಧೀನದಲ್ಲಿರುವ ಭೂಮಿಯ ವಿಷಯದಲ್ಲಿ ಬಹುಕಾಲದಿಂದ ಇಟ್ಟುಕೊಂಡು ಬಂದಿರುವ ನಂಬಿಕೆಯೊಂದು ಅಷ್ಟು ಗಟ್ಟಿಯಾದುದಲ್ಲವೆಂಬುದು ತೋರುತ್ತದೆ.

ಮೊದಲು ಕಳ್ಳಿಯ ವಿಚಾರ. ಬಹುಮಾನ ವಿತರಣೆಯ ಸಭೆಗಳಲ್ಲಿ ಅತಿಥಿಗಳು ವಿದ್ಯಾರ್ಥಿಗಳಿಗೆ ‘ಕಳ್ಳಿಯಂತೆ ಬಾಳಿರಿ, ಬರಗಾಲದಲ್ಲಿಯೂ ಹಸಿರಾಗಿರಿ’ ಎಂದು ಉಪದೇಶಿಸುವುದುಂಟು. ಉಪಮಾನವು ಕೇಳಲು ಸೊಗಸಾಗಿದೆ. ಆದರೆ ಉಪಮಾನವನ್ನು ಬಳಸುವವರು ಉಪಮಾನದ ವಸ್ತುವನ್ನು ಪೂರ್ತಿಯಾಗಿ ತಿಳಿದಿರಬೇಕೆಂಬುದು ಅಲಂಕಾರಶಾಸ್ತ್ರದ ಮೊದಲ ಪಾಠ. ಸಂಸ್ಕೃತ ನಿಘಂಟುಗಳು ಸ್ನುಹೀ, ವಜ್ರದ್ರು ಎಂದು ಹೇಳುವ ಹಾಲುಗಳ್ಳಿಗಳು ಈ ನೆಲದವು. ಪಾಪಾಸುಕಳ್ಳಿ ಅವುಗಳ ಜಾತಿಗೆ ಸೇರಿದುದಲ್ಲ. ಅದರಲ್ಲಿ ಹಾಲೂ ಇಲ್ಲ. ಅದು ಅಮೆರಿಕಾ ಖಂಡದಿಂದ ಬಂದ ಗಿಡ. ಕೊಲಂಬಸನಿಗೆ ಮುಂಚೆ ಭಾರತದಲ್ಲಿ ಅದನ್ನು ಕಂಡವರಿರಲಿಲ್ಲ. ಮುಳ್ಳಿನ ಸಾಮ್ಯದಿಂದ ಕನ್ನಡಿಗರು ಅದಕ್ಕೂ ಕಳ್ಳಿಯೆಂಬ ಹೆಸರನ್ನು ಕೊಟ್ಟರು. ಉತ್ತರ ಕರ್ನಾಟಕದಲ್ಲಿ ಡಬ್ಬುಗಳ್ಳಿಯೆಂದೂ ಕರೆದರು. ಪಾಪಾಸು ಎಂಬ ಪೂರ್ವಪದಕ್ಕೂ ಪಾಪಕ್ಕೂ ಸಂಬಂಧವಿಲ್ಲ. ಪಾರಸಿಯ ‘ಪಾಪೋಶ್’ ಎಂದರೆ ಪಾದರಕ್ಷೆ. ಅದೇ ಕನ್ನಡದಲ್ಲಿ ಪಾಪಾಸು ಆಯಿತು. ಅಗಲವಾಗಿ ಚಪ್ಪಟೆಯಾಗಿ ಜೋಡಿನ ಅಟ್ಟೆಯಂತೆ ಕಾಣುವ ಕಾಂಡವುಳ್ಳದ್ದು ಪಾಪಾಸುಕಳ್ಳಿ. ಗಿಡ ಅಮೆರಿಕಾದ್ದು, ವಿಶೇಷಣ ಪಾರಸಿಯದು, ವಿಶೇಷ್ಯ ಕನ್ನಡದ್ದು. ಮೂರು ನಾಡುಗಳು ಒಂದೇ ಸಮಾಸದಲ್ಲಿ ಸೇರಿರುವ ಇಂತಹ ಶಬ್ದಗಳು ಹೆಚ್ಚು ಇರಲಾರವು.

ಈ ಗಿಡವನ್ನು ಭಾರತದಲ್ಲಿ ಶ್ರದ್ಧೆಯಿಂದ ಬೆಳೆಸಿದವರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಪ್ರಮುಖರು. ಕಳ್ಳಿಯ ಮೇಲೆ ಬದುಕುವ ಕೋಚಿನಿಲ್ ಎಂಬ ಕೀಟದಿಂದ ಬೆಲೆಬಾಳುವ ಕೆಂಪು ಬಣ್ಣ ದೊರೆಯುತ್ತಿತ್ತು. ಆ ವ್ಯಾಪಾರ ಸ್ಪೇನ್ ದೇಶದವರ ಕೈಯಲ್ಲಿತ್ತು. ಅದನ್ನು ಕಸಿದುಕೊಳ್ಳುವ ಆಸೆಯಿಂದ ೧೮ನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ಡಾಕ್ಟರ್ ಜೇಮ್ಸ್ ಆಂಡರ್ಸನ್ ಎಂಬ ವೈದ್ಯನು ಕಳ್ಳಿಯ ತೋಟವನ್ನೇ ಹಾಕಿಸಿದನು. ೧೭೯೫ರಲ್ಲಿ ಬ್ರೆಜಿಲಿನಿಂದ ಕೀಟವೂ ಬಂದಿತು. ಆದರೆ ಬಂದದ್ದು ಕೀಳು ಜಾತಿಯ ಕೀಟ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ, ಕಳ್ಳಿ ಉಳಿಯಿತು. ಉಳಿದದ್ದು ಮಾತ್ರವಲ್ಲ, ಹಬ್ಬಿತು. ಮುಂದಿನ ಶತಮಾನದಲ್ಲಿ ಅದರ ಇನ್ನೊಂದು ಜಾತಿಯು ದಕ್ಷಿಣ ಭಾರತದ ಗೋಮಾಳಗಳನ್ನೂ ಹೊಲಗಳನ್ನೂ ಆಕ್ರಮಿಸಿ ರೈತನಿಗೆ ದಾರಿಯಿಲ್ಲದಂತೆ ಮಾಡಿತು. ಕಡಿದು ಹಾಕಿದರೆ ಕಡಿದ ಪ್ರತಿಯೊಂದು ತುಂಡೂ ಬೇರುಬಿಟ್ಟು ಹೊಸ ಗಿಡವಾಗುತ್ತಿದ್ದಿತು. ಕೊನೆಗೆ ೧೯೨೬ರಲ್ಲಿ ಶ್ರೀಲಂಕೆಯ ಮಾರ್ಗವಾಗಿ ಮತ್ತೊಂದು ಜಾತಿಯ ಕೀಟವನ್ನು ತರಿಸಿ ಬಿಡಲಾಯಿತು. ಐದಾರು ವರ್ಷಗಳಲ್ಲಿ ಸುಮಾರು ೪೦,೦೦೦ ಹೆಕ್ಟೇರ್ ಪ್ರದೇಶದ ಕಳ್ಳಿ ಕೊಳೆತು ನೆಲಕಚ್ಚಿತೆಂದು ಕೃಷಿತಜ್ಞರು ದಾಖಲಿಸಿದ್ದಾರೆ. ಒಂದು ಬಿಳಿಯ ಬೂಷ್ಟಿನಂತೆ ಕಾಣುವ ಕೀಟವು ಸಾವಿರ ಕೊಡಲಿಗಳಿಗೆ ಆಗದ ಕೆಲಸವನ್ನು ಮಾಡಿತು. ಆದರೂ ಕಳ್ಳಿ ನಿರ್ವಂಶವಾಗಲಿಲ್ಲ. ಒಂದು ಹಸಿಯ ತುಂಡು ಎಲ್ಲೋ ಕಲ್ಲಿನ ಸಂದಿಯಲ್ಲಿ ಉಳಿದಿದ್ದರೆ ಅದರ ವಂಶಕ್ಕೆ ಅಷ್ಟೇ ಸಾಕು.

ಇಷ್ಟೊಂದು ಬಾಳುವೆಯ ಗುಟ್ಟು ಅದರ ದೇಹರಚನೆಯಲ್ಲಿದೆ. ಎಲೆಗಳು ಮುಳ್ಳಾಗಿವೆ, ಎಲೆಯ ಕೆಲಸವನ್ನು ಕಾಂಡವೇ ಮಾಡುತ್ತದೆ, ಕಾಂಡದೊಳಗೆ ನೀರಿನ ಕೋಶಾಗಾರವಿದೆ, ಮೇಲೆ ಮೇಣದ ಲೇಪ. ಎಲ್ಲಕ್ಕಿಂತ ಮಿಗಿಲಾಗಿ, ಬೇರೆ ಗಿಡಗಳು ಹಗಲಿನಲ್ಲಿ ಉಸಿರಿನ ರಂಧ್ರಗಳನ್ನು ತೆರೆದಿಟ್ಟುಕೊಂಡರೆ, ಕಳ್ಳಿಯು ಹಗಲು ಅವುಗಳನ್ನು ಮುಚ್ಚಿ ಇರುಳಿನಲ್ಲಿ ತೆರೆಯುತ್ತದೆ. ತಂಪಿನ ಹೊತ್ತಿನಲ್ಲಿ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ, ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬಾಗಿಲು ಹಾಕಿಕೊಂಡು ಬಿಸಿಲಿನ ನೆರವಿನಿಂದ ಅಡುಗೆ ಮಾಡಿಕೊಳ್ಳುತ್ತದೆ. ಆದಕಾರಣ ಇಂತಹ ಗಿಡಗಳ ರಸ ಮುಂಜಾನೆ ಹುಳಿ, ಸಂಜೆ ಸಪ್ಪೆ. ಈ ರಹಸ್ಯದ ಸುಳಿವು ಲೋಕಕ್ಕೆ ದೊರೆತದ್ದೂ ಭಾರತದಲ್ಲಿಯೇ: ಒಮ್ಮೆ ಬೆಂಗಳೂರಿನ ಲಾಲಬಾಗಿನ ಮೇಲ್ವಿಚಾರಣೆ ನೋಡಿಕೊಂಡಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಜ್ಞನು ಕಾಡುಬಸಳೆಯ ಎಲೆಯನ್ನು ಬೆಳಗ್ಗೆಯೂ ಮಧ್ಯಾಹ್ನವೂ ಅಗಿದು ನೋಡಿ, ರುಚಿಯ ಈ ವ್ಯತ್ಯಾಸವನ್ನು ೧೮೧೩ರಲ್ಲಿ ಪತ್ರಮುಖೇನ ಲಂಡನ್ನಿಗೆ ತಿಳಿಸಿದನು. ನಾಲಗೆಯೇ ಪ್ರಯೋಗಶಾಲೆಯಾಗಿದ್ದ ಕಾಲವದು.

ಇನ್ನು ಹಕ್ಕಿಯ ಕಡೆಗೆ ಬರೋಣ. ಅದರ ಬಂಧುವೊಂದು ಸಂಸ್ಕೃತ ಸಾಹಿತ್ಯದ ಓದುಗರಿಗೆಲ್ಲ ಪರಿಚಿತ. ಅಮರಕೋಶದಲ್ಲಿ ಟಿಟ್ಟಿಭಕವೆಂದು ಹೆಸರಾದ ಹಕ್ಕಿಯದು. ಗದಗ ಸೀಮೆಯ ಹೊಲಗಳಲ್ಲಿ ಹಗಲಿರುಳೆನ್ನದೆ ಕೂಗುವ ಟಿಟ್ಟಿಭವೇ. ಪಂಚತಂತ್ರದ ಕಥೆಯಲ್ಲಿ ಟಿಟ್ಟಿಭ ದಂಪತಿಗಳು ಕಡಲ ತಡಿಯಲ್ಲಿ ಮೊಟ್ಟೆಯಿಡುತ್ತವೆ; ಸಮುದ್ರವು ಗರ್ವದಿಂದ ಮೊಟ್ಟೆಗಳನ್ನು ಅಪಹರಿಸುತ್ತದೆ. ಹಕ್ಕಿಗಳೆಲ್ಲ ಸೇರಿ ಗರುಡನಿಗೆ ಮೊರೆಯಿಡುತ್ತವೆ, ಗರುಡನು ವಿಷ್ಣುವಿಗೆ ಬಿನ್ನವಿಸುತ್ತಾನೆ, ವಿಷ್ಣುವಿನ ಬಾಣಕ್ಕೆ ಹೆದರಿದ ಸಮುದ್ರವು ಮೊಟ್ಟೆಗಳನ್ನು ಹಿಂದಿರುಗಿಸುತ್ತದೆ. ಪಂಚತಂತ್ರವನ್ನು ೧೧ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹನು ಈ ಸೀಮೆಗೆ ದೂರದವನೇನಲ್ಲ, ಕಿಸುಕಾಡು ನಾಡಿನ ಸಯ್ಯಡಿಯವನು. ತೀರಪಕ್ಷಿಯ ಮೊಟ್ಟೆಗಾಗಿ ದೇವರೇ ನ್ಯಾಯ ಕೇಳಿದ ಕಥೆಯುಳ್ಳ ದೇಶದಲ್ಲಿ, ಅದೇ ಕುಲದ ಮತ್ತೊಂದು ಹಕ್ಕಿಗೆ ಗರುಡನೂ ಸಿಗಲಿಲ್ಲವೆಂಬುದು ವಿಷಾದದ ಸಂಗತಿ.

ಮದರಾಸು ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಜರ್ಡನ್ನನು ಈ ಹಕ್ಕಿಯನ್ನು ಮೊದಲು ಗುರುತಿಸಿದನು. ೧೮೪೮ರಲ್ಲಿ ಕಲಕತ್ತೆಯ ಎಡ್ವರ್ಡ್ ಬ್ಲಿತ್ ಅದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. ಅದರ ಅರ್ಥ ‘ಎರಡು ಕಂಠಪಟ್ಟಿಗಳುಳ್ಳದ್ದು’. ಗೇಣಿಗಿಂತ ತುಸು ಉದ್ದದ ದೇಹ, ಎದೆಯ ಮೇಲೆ ಕಂದುಬಣ್ಣದ ಎರಡು ಅಡ್ಡಪಟ್ಟಿಗಳು, ದೊಡ್ಡ ಕಣ್ಣು, ಓಟಕ್ಕೆ ಹೇಳಿಸಿದಂತಹ ನೀಳ ಕಾಲುಗಳು. ಹಾರುವುದು ಅಪರೂಪ. ಹಗಲೆಲ್ಲ ಪೊದೆಯ ನೆರಳಿನಲ್ಲಿ ಅಡಗಿದ್ದು ಇರುಳಿನಲ್ಲಿ ಗೆದ್ದಲು ಮೊದಲಾದ ಹುಳುಗಳನ್ನು ಹುಡುಕುತ್ತ ಓಡಾಡುವುದು. ಪೆನ್ನಾರ್ ಮತ್ತು ಗೋದಾವರಿ ನದಿಗಳ ಕಣಿವೆಗಳಲ್ಲಿ ಕೆಲವರಿಗೆ ಕಂಡಿತು. ೧೯೦೦ರಲ್ಲಿ ಅನಂತಪುರದ ಬಳಿ ಕಂಡದ್ದೇ ಕಡೆ. ಮುಂದೆ ೮೬ ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ನಿರ್ನಾಮವಾಯಿತೆಂದು ಪಂಡಿತರು ತೀರ್ಮಾನಿಸಿದ್ದರು. ೧೯೮೬ರ ಜನವರಿಯಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಎಂಬ ತರುಣ ಸಂಶೋಧಕರು ಕಡಪಾ ಜಿಲ್ಲೆಯಲ್ಲಿ ಹುಡುಕುತ್ತಿದ್ದಾಗ, ಆ ಊರಿನ ಬೇಟೆಗಾರನೊಬ್ಬನು ರಾತ್ರಿ ದೀಪದ ಬೆಳಕಿನಲ್ಲಿ ಜೀವಂತವಾಗಿ ಒಂದನ್ನು ಹಿಡಿದುತಂದನು. ಹಕ್ಕಿ ಇದೆಯೆಂದು ಲೋಕಕ್ಕೆ ಸಾರಿದ ಆ ಹಕ್ಕಿಯೇ ಕೆಲವು ದಿನಗಳಲ್ಲಿ ಸತ್ತುಹೋಯಿತು. ಪಂಡಿತರ ಎಂಟು ದಶಕಗಳ ಅಜ್ಞಾನವನ್ನು ಅಕ್ಷರವರಿಯದ ಕಾಡಿನವರ ತಿಳಿವಳಿಕೆ ಹೋಗಲಾಡಿಸಿದ ಈ ಪ್ರಸಂಗವನ್ನು ಶಿಕ್ಷಕವೃಂದವು ವಿಶೇಷವಾಗಿ ನೆನೆಯಬೇಕು. ತೆಲುಗರಲ್ಲಿ ಅದಕ್ಕೆ ಆಗಲೇ ಒಂದು ಹೆಸರಿದ್ದಿತು: ಕಲಿವಿಕೋಡಿ. ಕಲಿವಿಯೆಂದರೆ ಕನ್ನಡದ ಕವಳಿಯ ಗಿಡ, ಬೇಸಿಗೆಯಲ್ಲಿ ಹುಡುಗರು ಬಾಯಿ ಕಪ್ಪಾಗುವಂತೆ ತಿನ್ನುವ ಹಣ್ಣಿನ ಮುಳ್ಳುಪೊದೆ. ಕೋಡಿಯೆಂದರೆ ಕೋಳಿ. ಎರಡನ್ನೂ ಸೇರಿಸಿ ಆದೇಶಸಂಧಿ ಮಾಡಿದರೆ ಕವಳಿಗೋಳಿ. ಜರ್ಡನ್ನನ ಹೆಸರಿಗಿಂತ ಇದೇ ಕನ್ನಡದ ನಾಲಗೆಗೆ ಒಪ್ಪುವುದರಿಂದ ಮುಂದೆ ಇದನ್ನೇ ಬಳಸಿದೆ.

ಕವಳಿಗೋಳಿಯು ಆಂಧ್ರದ ಹಕ್ಕಿ, ಕನ್ನಡಿಗರಿಗೆ ಅದರಿಂದೇನೆಂದು ಕೇಳುವವರಿಗೆ ಉತ್ತರವು ಸ್ಕಾಟ್ಲೆಂಡಿನಲ್ಲಿದೆ. ಅಲ್ಲಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಒಂದು ಮೊಟ್ಟೆಯಿತ್ತು. ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಉದ್ಯೋಗದಲ್ಲಿದ್ದ ಒಬ್ಬ ಪಶುವೈದ್ಯನು ೧೯೧೭ರಲ್ಲಿ ಅದನ್ನು ಸಂಗ್ರಹಿಸಿದ್ದನು. ೨೦೧೩ರಲ್ಲಿ ವಿಜ್ಞಾನಿಗಳು ಆ ಮೊಟ್ಟೆಯ ಜೀವದ್ರವ್ಯವನ್ನು ಹಳೆಯ ಹಕ್ಕಿಯ ಚರ್ಮದೊಂದಿಗೆ ಹೋಲಿಸಿ, ಅದು ಕವಳಿಗೋಳಿಯ ಮೊಟ್ಟೆಯೇ ಎಂದು ನಿರ್ಣಯಿಸಿದರು. ಲೋಕದಲ್ಲಿ ಈ ಹಕ್ಕಿಯದೆಂದು ಆಗ ಸಿದ್ಧವಾದ ಮೊಟ್ಟೆ ಅದೊಂದೇ. ಹಕ್ಕಿ ಮಾಯವಾಯಿತೆಂದು ಎಲ್ಲರೂ ಭಾವಿಸಿದ ಮೇಲೂ ಅದು ಕನ್ನಡದ ನೆಲದಲ್ಲಿ ಮೊಟ್ಟೆಯಿಟ್ಟಿತ್ತು. ಕೋಲಾರದಲ್ಲಿ ನೆಲದ ಕೆಳಗಿನ ಚಿನ್ನದ ಲೆಕ್ಕವನ್ನು ಗುಂಜಿ ತೂಕದವರೆಗೆ ಇಟ್ಟವರು ನೆಲದ ಮೇಲಿನ ಈ ಮೊಟ್ಟೆಯ ಕುಲಗೋತ್ರವನ್ನು ತಿಳಿಯಲು ೯೬ ವರ್ಷ ಬೇಕಾಯಿತು.

ಈಗ ಹೋಲಿಕೆ. ಕಳ್ಳಿಯೂ ಕವಳಿಗೋಳಿಯೂ ಒಣನಾಡಿನ ಬಿಸಿಲೆಂಬ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು. ಎರಡೂ ಹಗಲಿಗೆ ಬೆನ್ನುಮಾಡಿ ಇರುಳಿನಲ್ಲಿ ಕೆಲಸ ಮಾಡುತ್ತವೆ. ಇಲ್ಲಿಗೆ ಸಾಮ್ಯ ಮುಗಿಯಿತು. ಕಳ್ಳಿಯು ತನಗೆ ಬೇಕಾದುದೆಲ್ಲವನ್ನೂ ತನ್ನೊಳಗೇ ಇಟ್ಟುಕೊಂಡಿದೆ. ಅದಕ್ಕೆ ಇಂತಹ ನೆಲವೇ ಬೇಕು, ಇಂತಹ ನೆರೆಯೇ ಬೇಕು ಎಂಬುದಿಲ್ಲ. ಕವಳಿಗೋಳಿಯಾದರೋ ತನ್ನೊಳಗೆ ಏನನ್ನೂ ಇಟ್ಟುಕೊಂಡಿಲ್ಲ. ತನ್ನ ಬಾಳನ್ನೆಲ್ಲ ಒಂದು ಬಗೆಯ ಸ್ಥಳದ ಕೈಗೆ ಒಪ್ಪಿಸಿಬಿಟ್ಟಿದೆ. ಆ ಸ್ಥಳವಾದರೂ ಎಂತಹದು? ಕಡಪಾ ಜಿಲ್ಲೆಯ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯದಲ್ಲಿ ನಡೆದ ಸಂಶೋಧನೆಯು ತಿಳಿಸುವಂತೆ, ಆಳೆತ್ತರದ ಮುಳ್ಳುಪೊದೆಗಳು ಹೆಕ್ಟೇರಿಗೆ ೩೦೦ರಿಂದ ೭೦೦ರಷ್ಟು ಇರುವಲ್ಲಿ ಮಾತ್ರ ಅದು ಹೆಚ್ಚಾಗಿ ನೆಲೆಸುತ್ತದೆ. ಪೊದೆ ಅದಕ್ಕಿಂತ ದಟ್ಟವಾದರೆ ಓಡಲು ತೆರಪಿಲ್ಲ. ವಿರಳವಾದರೆ ಅಡಗಲು ಮರೆಯಿಲ್ಲ. ದನಕುರಿಗಳು ಹಿತಮಿತವಾಗಿ ಮೇಯ್ದರೆ ನೆಲ ತೆರೆದಿರುತ್ತದೆ. ಅತಿಯಾಗಿ ಮೇಯ್ದರೂ ಕಷ್ಟ, ಮೇಯಿಸುವುದನ್ನೇ ನಿಲ್ಲಿಸಿದರೂ ಪೊದೆ ಕವಿದುಕೊಂಡು ಕಷ್ಟ. ಇಂತಹ ಹದವಾದ ಭೂಮಿಯು ನೋಡುವವನ ಕಣ್ಣಿಗೆ ಹೇಗೆ ಕಾಣುತ್ತದೆ? ಕಾಡಲ್ಲ, ಹೊಲವಲ್ಲ, ಹುಲ್ಲುಗಾವಲೂ ಅಲ್ಲ. ಏನೂ ಅಲ್ಲದ ಪಾಳು ಎಂಬಂತೆ ಕಾಣುತ್ತದೆ.

ಸ್ಥಾವರ, ಜಂಗಮ ಎಂಬ ಎರಡು ಪದಗಳು ಮಠದ ನೆರಳಿನಲ್ಲಿ ಬೆಳೆದ ಓದುಗರಿಗೆ ಹೊಸವಲ್ಲ. ಶರಣರು ಅವಕ್ಕೆ ಕೊಟ್ಟ ತಾತ್ತ್ವಿಕವಾದ ಅರ್ಥವು ಬೇರೆ. ಅದನ್ನು ಗಿಡಹಕ್ಕಿಗಳಿಗೆ ಅಂಟಿಸುವುದು ಅನುಚಿತ. ಬರಿಯ ಪದಾರ್ಥವನ್ನು ಹಿಡಿದರೂ ಇಲ್ಲೊಂದು ವಿಪರ್ಯಾಸವಿದೆ. ಬೇರೂರಿದ ಕಳ್ಳಿಯು ಸ್ಥಾವರ, ಕಾಲುರೆಕ್ಕೆಗಳುಳ್ಳ ಹಕ್ಕಿಯು ಜಂಗಮವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಸಪ್ತಸಾಗರಗಳನ್ನು ದಾಟಿ ಆಸ್ಟ್ರೇಲಿಯಾ, ಆಫ್ರಿಕಾ, ಭಾರತಗಳನ್ನು ಸುತ್ತಿದ್ದು ಕಳ್ಳಿ. ಹುಟ್ಟಿದ ಪೊದೆಯ ನೆಲವನ್ನು ಬಿಟ್ಟು ಬೇರೆಡೆಗೆ ಹೋಗಲಾರದೆ ಕುಳಿತದ್ದು ಹಕ್ಕಿ. ಎಲ್ಲಿಯಾದರೂ ಬದುಕಬಲ್ಲದ್ದಕ್ಕೆ ಯಾರ ರಕ್ಷಣೆಯೂ ಬೇಡ. ಒಂದೇ ಕಡೆ ಬದುಕಬಲ್ಲದ್ದಕ್ಕೆ ಆ ಒಂದು ಕಡೆಯ ಹೊರತು ಬೇರೆ ರಕ್ಷಣೆಯಿಲ್ಲ. ವಿದ್ಯಾರ್ಥಿಗಳಿಗೆ ಕಳ್ಳಿಯನ್ನು ಮಾತ್ರ ಆದರ್ಶವಾಗಿ ತೋರಿಸುವ ಉಪದೇಶದ ಕೊರತೆ ಇಲ್ಲಿಯೇ ಇದೆ. ಅದು ತಾಳಿಕೆಯನ್ನು ಹೊಗಳುತ್ತದೆ, ಸರಿ. ಅದರ ಜೊತೆಗೆ, ತಾಳಲಾರದವುಗಳು ತಮ್ಮ ದೋಷದಿಂದಲೇ ಅಳಿದವೆಂಬ ಭಾವನೆಯನ್ನೂ ಎಳೆಯ ಮನಸ್ಸಿನಲ್ಲಿ ಬಿತ್ತುತ್ತದೆ. ಕವಳಿಗೋಳಿ ತನ್ನ ನೆಲದಲ್ಲಿ ಬಿಸಿಲನ್ನೂ ಬರವನ್ನೂ ಸಹಸ್ರಾರು ವರ್ಷ ತಾಳಿತ್ತು. ಅದು ತಾಳಲಾರದೆ ಹೋದದ್ದು ಬಿಸಿಲನ್ನಲ್ಲ, ನೇಗಿಲು ಯಂತ್ರಗಳನ್ನು.

ಕಂದಾಯದ ಉತಾರಗಳಲ್ಲಿ ಸಾಗುವಳಿಗೆ ಬಾರದ ನೆಲಕ್ಕೆ ‘ಖರಾಬು’ ಎಂದು ಬರೆಯುವ ವಾಡಿಕೆಯಿದೆ. ಖರಾಬು ಎಂದರೆ ಕೆಟ್ಟದ್ದು. ತೆರಿಗೆ ಬಾರದ್ದೆಲ್ಲವೂ ಕೆಟ್ಟದ್ದೆಂಬುದು ಕಂದಾಯ ಅಧಿಕಾರಿಯ ದೃಷ್ಟಿ. ಅವನ ಉದ್ಯೋಗಕ್ಕೆ ಅದು ಸಹಜ. ಆದರೆ ಆ ಪದವು ಕಾಗದದಿಂದ ಜನಮನಕ್ಕೆ ಇಳಿದಿದೆ. ಭಾರತ ಸರ್ಕಾರವು ಪ್ರಕಟಿಸುವ ಪಾಳುಭೂಮಿಗಳ ನಕಾಶೆಯಲ್ಲಿಯೂ ಕುರುಚಲು ನೆಲವು ಪಾಳು ಎಂದೇ ಎಣಿಕೆಯಾಗುತ್ತದೆ. ಪಾಳು ಎಂದ ಮೇಲೆ ಉದ್ಧಾರ ಮಾಡಲೇಬೇಕು. ಉದ್ಧಾರಕ್ಕೆ ಎರಡು ದಾರಿ: ಅಗೆದು ಹೊಲ ಮಾಡುವುದು, ಇಲ್ಲವೇ ಸಸಿ ನೆಟ್ಟು ತೋಪು ಮಾಡುವುದು. ಮೊದಲನೆಯದನ್ನು ರೈತನು ಹೊಟ್ಟೆಪಾಡಿಗಾಗಿ ಮಾಡುತ್ತಾನೆ, ಅವನನ್ನು ದೂರುವುದು ಅನ್ಯಾಯ. ಎರಡನೆಯದನ್ನು ಮಾಡುವವರು ಸಂಘಸಂಸ್ಥೆಗಳು, ವಿದ್ಯಾಲಯಗಳು, ಮಠಗಳು, ಉದಾರಿಗಳಾದ ದಾನಿಗಳು. ೧೯೫೦ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಾಗ ಅದರ ಉದ್ದೇಶ ಘನವಾದುದೇ ಆಗಿತ್ತು. ದಾರಿಯ ಇಕ್ಕೆಲಗಳಲ್ಲಿ, ಶಾಲೆಯ ಅಂಗಳದಲ್ಲಿ, ಕೆರೆಯ ಏರಿಯ ಕೆಳಗೆ ಮರ ನೆಡುವುದು ಇಂದಿಗೂ ಪುಣ್ಯಕಾರ್ಯವೇ. ಕುರುಚಲಿನ ನೆಲಕ್ಕೆ ಯಂತ್ರವನ್ನು ಇಳಿಸಿ, ಕವಳಿ, ಬಾರಿ, ಜಾಲಿಗಳನ್ನು ಬೇರುಸ ಕಿತ್ತು, ಗುಂಡಿ ತೋಡಿ, ಪರದೇಶದ ಸಸಿಗಳನ್ನು ಸಾಲುಸಾಲಾಗಿ ನೆಟ್ಟು, ಅದಕ್ಕೆ ಹಸಿರೀಕರಣವೆಂದು ಹೆಸರಿಟ್ಟು ಫಲಕ ತೂಗುಹಾಕುವ ಪದ್ಧತಿಯೇ ಆಕ್ಷೇಪಾರ್ಹ. ಹಸಿರಾಗಿ ಕಾಣುವುದೆಲ್ಲ ಕಾಡಲ್ಲ. ಸಸಿಗಳಲ್ಲಿ ಬದುಕುವವು ಕೆಲವೇ. ಕಿತ್ತ ಪೊದೆಗಳ ಸ್ಥಾನದಲ್ಲಿ ಎರಡು ಮಳೆಗಾಲಗಳ ತರುವಾಯ ಮೊದಲು ಬಂದು ನಿಲ್ಲುವುದು ಹಲವೆಡೆ ಕಳ್ಳಿಯೇ, ಬಳ್ಳಾರಿಜಾಲಿಯೇ.

ಗದಗ ಜಿಲ್ಲೆಯ ಜನರಿಗೆ ಪ್ರಕೃತಿಪ್ರೇಮವನ್ನು ಯಾರೂ ಕಲಿಸಬೇಕಾಗಿಲ್ಲ. ಶಿರಹಟ್ಟಿಯ ಸಮೀಪದ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಸುತ್ತಿನ ಹಳ್ಳಿಗಳವರು ಅವಕ್ಕೆ ಕಲ್ಲೆಸೆಯದೆ ಕಾಪಾಡಿದ ಫಲವಾಗಿ ೨೦೨೪ರಲ್ಲಿ ಆ ಕೆರೆಯು ಅಂತಾರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ೨೦೧೧ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಪರಿಸರದಲ್ಲಿ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದಾಗ ರೈತರ ಮುಂದೆ ನಿಂತವರು ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು. ಕಪ್ಪತಗುಡ್ಡದ ಹೋರಾಟದಲ್ಲಿಯೂ ಅವರ ಧ್ವನಿ ಮುಖ್ಯವಾದುದಾಗಿತ್ತು. ೨೦೧೫ರಲ್ಲಿ ಸಂರಕ್ಷಿತ ಪ್ರದೇಶವಾಗಿ, ಮರುವರ್ಷವೇ ಆ ಪದವಿಯನ್ನು ಕಳೆದುಕೊಂಡು, ೨೦೧೭ರಲ್ಲಿ ಮತ್ತೆ ಪಡೆದು, ೨೦೧೯ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ೨೦೧೮ರಲ್ಲಿ ಲಿಂಗೈಕ್ಯರಾದ ಪೂಜ್ಯರು ಆ ದಿನವನ್ನು ಕಾಣಲಿಲ್ಲ. ಜನರಿಂದ ಕಪೋತಗಿರಿಯೆಂದೂ ಕರೆಸಿಕೊಳ್ಳುವ, ಹೆಸರಿನಲ್ಲಿಯೇ ಹಕ್ಕಿಯಿರುವ ಗುಡ್ಡವದು.

ಆದರೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಹೆಬ್ಬಾತು ಹಗಲಿನಲ್ಲಿ ಸಾವಿರಗಟ್ಟಲೆ ನೆರೆದು ಕಣ್ಣಿಗೆ ಹಬ್ಬವಾಗುತ್ತದೆ, ಗುಡ್ಡದಲ್ಲಿ ಔಷಧಿಯ ಸಸ್ಯಗಳಿವೆ, ಹೊಲದಲ್ಲಿ ಅನ್ನವಿದೆ. ಕಾಪಾಡಲು ಎಲ್ಲಕ್ಕೂ ಒಂದೊಂದು ಕಾರಣ ದೊರೆಯಿತು. ಗುಡ್ಡದ ಬುಡದಿಂದ ಊರಿನ ಅಂಚಿನವರೆಗೆ ಹರಡಿರುವ ಕುರುಚಲಿಗೆ ಯಾವ ಕಾರಣವೂ ದೊರೆಯಲಿಲ್ಲ, ಯಾರೂ ವಕೀಲರಾಗಲಿಲ್ಲ. ಕಪ್ಪತಗುಡ್ಡದ ಸೀಮೆಯಲ್ಲಿ ಕವಳಿಗೋಳಿಯನ್ನು ಕಂಡ ದಾಖಲೆಯಿಲ್ಲ. ‘ಹಾಗಾದರೆ ಇಲ್ಲದ ಹಕ್ಕಿಗಾಗಿ ಇರುವ ನೆಲವನ್ನು ಏಕೆ ಬಿಡಬೇಕು?’ ಎಂಬ ಪ್ರಶ್ನೆ ನ್ಯಾಯವಾದುದೇ. ಮೊದಲನೆಯದಾಗಿ, ೧೯೧೭ರಲ್ಲಿ ಕೋಲಾರದಲ್ಲಿಯೂ ಅಂತಹ ದಾಖಲೆಯಿರಲಿಲ್ಲ. ಎರಡನೆಯದು, ಆ ನೆಲವು ಬರಿದಾಗಿಲ್ಲ. ಹಳದಿ ಟಿಟ್ಟಿಭವು ಗೂಡನ್ನೇ ಕಟ್ಟದೆ ಬಯಲ ಹರಳುಗಳ ನಡುವೆ ಹರಳಿನ ಬಣ್ಣದ ಮೊಟ್ಟೆಯಿಡುವುದು ಇಂತಹ ನೆಲದಲ್ಲಿಯೇ. ಸಮುದ್ರದ ಬದಲು ಈಗ ಆ ಮೊಟ್ಟೆಗಳನ್ನು ಅಪಹರಿಸುವುದು ಟ್ರ್ಯಾಕ್ಟರಿನ ಗಾಲಿ. ಗೌಜುಗ, ಬುರ್ಲಿ, ಮೊಲ, ನರಿ, ತೋಳಗಳೂ ಅಲ್ಲಿಯವೇ. ಕವಳಿಗೋಳಿಯ ಕಥೆಯು ಇವೆಲ್ಲಕ್ಕೂ ಮುಂದೆ ಬರಬಹುದಾದ ಕಥೆ. ಕಡಪಾದ ಹಕ್ಕಿಗೆ ಅಭಯಾರಣ್ಯ ದೊರೆಯಿತು, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯ ರಕ್ಷಣೆ ದೊರೆಯಿತು, ೧೯೮೮ರಲ್ಲಿ ಅಂಚೆಚೀಟಿಯ ಮೇಲೆ ಚಿತ್ರವೂ ಬಂದಿತು. ತೆಲುಗು ಗಂಗಾ ಕಾಲುವೆಯು ಅದರ ನೆಲೆಯ ಮೇಲೆಯೇ ಹಾಯುವುದನ್ನು ತಪ್ಪಿಸಲು ದಾರಿಯನ್ನೂ ಬದಲಿಸಬೇಕಾಯಿತು. ಇಷ್ಟಾದರೂ ಈ ಶತಮಾನದ ಮೊದಲ ದಶಕ ಕಳೆದ ಮೇಲೆ ಅದನ್ನು ಕಣ್ಣಾರೆ ಕಂಡವರಿಲ್ಲದೆ ಎಷ್ಟೋ ವರ್ಷಗಳು ಉರುಳಿದವು. ರಕ್ಷಣೆಯು ಅಷ್ಟು ತಡವಾಗಿ ಬಂದಿತ್ತು. ಸಾಮಾನ್ಯವಾಗಿರುವಾಗಲೇ ಕಾಪಾಡುವುದು ಸುಲಭ, ಖರ್ಚೂ ಕಡಿಮೆ. ಅಪರೂಪವಾದ ಮೇಲೆ ಕಾಲುವೆಯನ್ನೇ ತಿರುಗಿಸಬೇಕಾಗುತ್ತದೆ.

ಆದುದರಿಂದ ಭೂದಾನ ಮಾಡಿದ ಮಹನೀಯರಲ್ಲಿಯೂ, ಆ ಭೂಮಿಯನ್ನು ನೋಡಿಕೊಳ್ಳುವ ಆಡಳಿತ ಮಂಡಳಿಗಳಲ್ಲಿಯೂ ಮಾಡಬೇಕಾದ ವಿಜ್ಞಾಪನೆ ದೊಡ್ಡದೇನಲ್ಲ. ಕಟ್ಟಡಕ್ಕೂ ಆಟದ ಬಯಲಿಗೂ ಪ್ರಸಾದನಿಲಯಕ್ಕೂ ಬೇಕಾದುದನ್ನು ತೆಗೆದುಕೊಂಡ ಮೇಲೆ ಉಳಿಯುವ ಕುರುಚಲು ನೆಲದಲ್ಲಿ ಒಂದು ಭಾಗವನ್ನು ಅಗೆಯದೆ, ನೆಡದೆ, ಸುಡದೆ ಬಿಡಬೇಕು. ದನಗಾಹಿಗಳನ್ನು ಓಡಿಸಬೇಕಾಗಿಲ್ಲ, ಅವರ ಹಿತಮಿತವಾದ ಬಳಕೆಯಿಂದಲೇ ಆ ನೆಲ ಆ ರೂಪದಲ್ಲಿ ಉಳಿದುಬಂದಿದೆ. ಅಲ್ಲಿ ತಾನಾಗಿ ಬೆಳೆದ ಕಳ್ಳಿಯನ್ನು ಶತ್ರುವೆಂದು ಕಾಣಬೇಕಾಗಿಯೂ ಇಲ್ಲ; ಬೇಲಿಯ ಅಂಚಿನಲ್ಲಿ ಅದಿರಲಿ, ಕೆಂಪು ಹಣ್ಣು ಹುಡುಗರಿಗಾಗಲಿ, ನಡುನೆಲಕ್ಕೆ ಹಬ್ಬದಂತೆ ಆಗಾಗ ನೋಡಿಕೊಂಡರೆ ಸಾಕು. ದಾನಿಗಳಿಗೆ ಇಲ್ಲಿ ಉದ್ಘಾಟನೆಯ ಸಂಭ್ರಮವಿಲ್ಲ, ಸಸಿಗೆ ನೀರೆರೆಯುವ ಭಾವಚಿತ್ರವಿಲ್ಲವೆಂಬುದು ಒಂದು ತೊಡಕು. ಸುಮ್ಮನೆ ಬಿಡುವುದಕ್ಕೆ ಫಲಕ ಹಾಕುವುದು ಹೇಗೆ? ಆದರೆ ದಾಸೋಹದ ಪರಂಪರೆಯಲ್ಲಿ ಉಣಿಸಿದವನ ಹೆಸರನ್ನು ಎಲೆಯ ಮೇಲೆ ಬರೆಯುವ ವಾಡಿಕೆ ಎಂದೂ ಇರಲಿಲ್ಲ.

ಉಪಾಧ್ಯಾಯರಿಗೆ ಮಾತ್ರ ಅಲ್ಲೊಂದು ಕೆಲಸವುಂಟು. ಕಡಪಾದ ಸಂಶೋಧಕರು ಕಾಣದ ಹಕ್ಕಿಯನ್ನು ಹುಡುಕಲು ಹೂಡಿದ ಉಪಾಯವು ಅತ್ಯಂತ ಸರಳವಾದುದು. ಪೊದೆಗಳ ನಡುವೆ ಅಲ್ಲಲ್ಲಿ ಕೆಲವು ಮೊಳ ಉದ್ದದ ನೆಲವನ್ನು ಶುಚಿಮಾಡಿ, ನುಣುಪಾದ ಮಣ್ಣನ್ನು ಹರಡಿ, ಸಂಜೆ ಸಮತಟ್ಟಾಗಿ ಸವರಿ ಬಿಡುತ್ತಿದ್ದರು. ಇರುಳಿನಲ್ಲಿ ನಡೆದುಹೋದ ಜೀವಿಗಳು ತಮ್ಮ ಹೆಜ್ಜೆಯ ಸಹಿಯನ್ನು ಅಲ್ಲಿ ಹಾಕಿ ಹೋಗುತ್ತಿದ್ದವು. ಕವಳಿಗೋಳಿಗೆ ಹಿಂಬೆರಳಿಲ್ಲ, ಅದರ ಸಹಿ ಮೂರು ಬೆರಳಿನದು. ಇದಕ್ಕೆ ಯಂತ್ರವೂ ಬೇಡ, ಅನುದಾನವೂ ಬೇಡ. ಪ್ರೌಢಶಾಲೆಯ ಹುಡುಗರು ಒಂದು ಹಲಗೆಯಿಂದ ಸಂಜೆ ಮಣ್ಣನ್ನು ಸವರಿಟ್ಟು, ಮರುದಿನ ಪ್ರಾರ್ಥನೆಯ ಗಂಟೆಗೆ ಮುನ್ನ, ಬಿಸಿಲೇರಿ ಗಾಳಿಯೆದ್ದು ಗುರುತುಗಳು ಅಳಿಸುವ ಮೊದಲು, ಹೋಗಿ ಓದಿ, ಮೊಲದ್ದು ಯಾವುದು, ನರಿಯದು ಯಾವುದು, ಟಿಟ್ಟಿಭದ್ದು ಯಾವುದು, ಹೆಸರು ತಿಳಿಯದ್ದು ಯಾವುದು ಎಂದು ದಿನಾಂಕಸಹಿತ ವಹಿಯಲ್ಲಿ ಬರೆದಿಡಬಹುದು.